ಪಿ.ಎಸ್.ಕೆ. ಸಂಕೇತಗಳು: ಕಂಪ್ಯೂಟರ್ ಪರದೆಯ ಮೇಲೊಂದು ಪ್ರಯೋಗಶಾಲೆ

ಮುಂಬಯಿಯ ಬೈಕುಲ್ಲಾ ಪ್ರದೇಶಕ್ಕೆ ತಾಂತ್ರಿಕ ಶಿಕ್ಷಣದ ದೀರ್ಘ ಇತಿಹಾಸವಿದೆ. ಇಂದು ಮಾಟುಂಗಾದಲ್ಲಿರುವ ವೀರಮಾತಾ ಜೀಜಾಬಾಯಿ ತಾಂತ್ರಿಕ ಸಂಸ್ಥೆಯು 1887ರಲ್ಲಿ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಿಂದ ಆರಂಭವಾದದ್ದು ಬೈಕುಲ್ಲಾದಲ್ಲಿಯೇ. ನಗರದ ಬಟ್ಟೆ ಗಿರಣಿಗಳಿಗೂ ಕಾರ್ಖಾನೆಗಳಿಗೂ ಬೇಕಾದ ತಂತ್ರಜ್ಞರನ್ನು ಸಿದ್ಧಪಡಿಸಿದ ಆ ಸಂಸ್ಥೆಯು 1923ರಲ್ಲಿ ಮಾಟುಂಗಾಕ್ಕೆ ಸ್ಥಳಾಂತರಗೊಂಡಿತು. ಅಂಜುಮನ್-ಇ-ಇಸ್ಲಾಂ ಸಂಸ್ಥೆಗೆ ಸೇರಿದ ಎಂ.ಎಚ್. ಸಾಬೂ ಸಿದ್ದಿಕ್ ಎಂಜಿನಿಯರಿಂಗ್ ಕಾಲೇಜು ಬೈಕುಲ್ಲಾದಲ್ಲಿ ಆ ಪರಂಪರೆಯನ್ನು ಇಂದಿಗೂ ಮುಂದುವರಿಸಿಕೊಂಡು ಬಂದಿದೆ.

ಹಿಂದಿನ ಕಾಲದಲ್ಲಿ ಪ್ರಯೋಗಶಾಲೆ ಎಂದರೆ ಲೇತ್ ಯಂತ್ರ, ಮಗ್ಗ, ಉಗಿಯಂತ್ರಗಳಿದ್ದ ವಿಶಾಲವಾದ ಕೊಠಡಿ. ಇಲೆಕ್ಟ್ರಾನಿಕ್ಸ್ ಬಂದ ಮೇಲೆ ಸಂಕೇತ ಉತ್ಪಾದಕಗಳೂ ಆಸಿಲೋಸ್ಕೋಪುಗಳೂ ಬಂದವು. ಇವು ದುಬಾರಿ ಉಪಕರಣಗಳು. ಕಾಲೇಜಿನ ವೇಳೆ ಮುಗಿದ ಮೇಲೆ ಇವು ವಿದ್ಯಾರ್ಥಿಯ ಕೈಗೆ ಎಟಕುವುದಿಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದ ಕನ್ನಡಿಗರು ಮುಂಬಯಿಯಲ್ಲಿ ಬಹಳ ಮಂದಿ. ಅಂಥವರಿಗೆ ಪುಸ್ತಕ ದೊರೆಯುತ್ತಿತ್ತು, ಪ್ರಯೋಗಶಾಲೆ ದೊರೆಯುತ್ತಿರಲಿಲ್ಲ. ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸುವ ಸಾಧನವೊಂದು ಇಂದು ಲಭ್ಯವಿದೆ. ಸಾಧಾರಣ ಕಂಪ್ಯೂಟರಿನಲ್ಲಿ, ಹಣ ಕೊಡದೆ ಪಡೆಯಬಹುದಾದ ತಂತ್ರಾಂಶದ ನೆರವಿನಿಂದ, ಸಂಪರ್ಕ ಎಂಜಿನಿಯರಿಂಗಿನ ಮುಖ್ಯ ಪ್ರಯೋಗಗಳನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಅವುಗಳಲ್ಲಿ ಒಂದಾದ ಪಿ.ಎಸ್.ಕೆ. ಸಂಕೇತದ ರಚನೆ ಮತ್ತು ಬಿಡಿಸುವಿಕೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಇಂಥ ಪ್ರಯೋಗದಲ್ಲಿ ಕಲಿಯುವವನು ಸುಲಭವಾಗಿ ಮೋಸಹೋಗುವ ಒಂದು ಸ್ಥಳವಿದೆ. ಅದನ್ನೂ ಇಲ್ಲಿ ತೋರಿಸಲಾಗಿದೆ.

ಪ್ರಾವಸ್ಥೆ ಎಂದರೇನು?

ಸ್ವಾತಂತ್ರ್ಯ ದಿನದಂದು ಶಾಲಾ ಮಕ್ಕಳು ಡ್ರಮ್ಮಿನ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತ ಸಾಗುವುದನ್ನು ಎಲ್ಲರೂ ನೋಡಿರುತ್ತಾರೆ. ಎಲ್ಲರ ಎಡಗಾಲೂ ಒಟ್ಟಿಗೆ ಮುಂದೆ ಬರುತ್ತದೆ, ಬಲಗಾಲೂ ಹಾಗೆಯೇ. ಸಾಲಿನಲ್ಲಿ ಒಬ್ಬ ಬಾಲಕನ ಹೆಜ್ಜೆ ತಪ್ಪಿತೆಂದು ಭಾವಿಸಬೇಕು. ಅವನ ವೇಗ ಉಳಿದವರಷ್ಟೇ ಇರುತ್ತದೆ, ಹೆಜ್ಜೆಯ ಉದ್ದವೂ ಅಷ್ಟೇ. ಆದರೆ ಇತರರು ಎಡಗಾಲು ಇಡುವಾಗ ಅವನು ಬಲಗಾಲು ಇಡುತ್ತಾನೆ. ಅವನಿಗೂ ಉಳಿದವರಿಗೂ ಇರುವ ಈ ವ್ಯತ್ಯಾಸವೇ ಪ್ರಾವಸ್ಥೆಯ ವ್ಯತ್ಯಾಸ. ಇಂಗ್ಲಿಷಿನಲ್ಲಿ ಇದನ್ನು ಫೇಸ್ ಎನ್ನುತ್ತಾರೆ.

ರೇಡಿಯೋ ತರಂಗಕ್ಕೂ ಇದೇ ಮಾತು ಅನ್ವಯಿಸುತ್ತದೆ. ತರಂಗಕ್ಕೆ ಎತ್ತರವಿದೆ, ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತದೆ ಎಂಬ ಆವೃತ್ತಿಯಿದೆ, ಮತ್ತು ಯಾವ ಕ್ಷಣದಲ್ಲಿ ಏರಿಕೆಯ ಯಾವ ಹಂತದಲ್ಲಿದೆ ಎಂಬ ಪ್ರಾವಸ್ಥೆಯಿದೆ. ಒಂದು ಪೂರ್ಣ ಏರಿಳಿತವನ್ನು 360 ಡಿಗ್ರಿ ಎಂದು ಎಣಿಸುವುದು ವಾಡಿಕೆ. ಹೆಜ್ಜೆ ತಪ್ಪಿದ ಬಾಲಕನದು 180 ಡಿಗ್ರಿಗಳ ವ್ಯತ್ಯಾಸ.

ಸುದ್ದಿಯನ್ನು ಹೊತ್ತೊಯ್ಯುವ ತರಂಗಕ್ಕೆ ವಾಹಕ ತರಂಗ ಎಂದು ಹೆಸರು. ಇದರ ಪ್ರಾವಸ್ಥೆಯನ್ನು ಸುದ್ದಿಗೆ ಅನುಗುಣವಾಗಿ ಪಲ್ಲಟಗೊಳಿಸಿ ಕಳುಹಿಸುವ ವಿಧಾನವೇ ಫೇಸ್ ಶಿಫ್ಟ್ ಕೀಯಿಂಗ್, ಸಂಕ್ಷೇಪವಾಗಿ ಪಿ.ಎಸ್.ಕೆ. ಕಂಪ್ಯೂಟರಿನ ಭಾಷೆಯಲ್ಲಿ ಎಲ್ಲ ಸುದ್ದಿಯೂ 0 ಮತ್ತು 1 ಎಂಬ ಬಿಟ್‌ಗಳ ಸಾಲು. ಒಂದಕ್ಕೆ 0 ಡಿಗ್ರಿ, ಇನ್ನೊಂದಕ್ಕೆ 180 ಡಿಗ್ರಿ ಎಂದು ಗೊತ್ತುಮಾಡಿಕೊಂಡರೆ ಅದು ಅತ್ಯಂತ ಸರಳವಾದ ಪಿ.ಎಸ್.ಕೆ. ಇದನ್ನು ಬಿ.ಪಿ.ಎಸ್.ಕೆ. ಎನ್ನುತ್ತಾರೆ. ನಾಲ್ಕು ಪ್ರಾವಸ್ಥೆಗಳನ್ನು ಬಳಸಿ ಒಂದೊಂದು ಬಾರಿಗೆ ಎರಡೆರಡು ಬಿಟ್‌ಗಳನ್ನು ಕಳುಹಿಸಿದರೆ ಕ್ಯೂ.ಪಿ.ಎಸ್.ಕೆ. ಆಗುತ್ತದೆ.

ದಿನನಿತ್ಯದ ಬಳಕೆಯಲ್ಲಿ

ಈ ವಿಧಾನ ಪಠ್ಯಪುಸ್ತಕಕ್ಕಷ್ಟೇ ಸೀಮಿತವಾದುದಲ್ಲ. 2004ರ ಡಿಸೆಂಬರಿನಲ್ಲಿ ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭವಾಗಿ ಮುಂದೆ ಡಿ.ಡಿ. ಫ್ರೀ ಡಿಶ್ ಎನಿಸಿಕೊಂಡ ದೂರದರ್ಶನದ ಉಪಗ್ರಹ ಸೇವೆಯು ಪಿ.ಎಸ್.ಕೆ. ಕುಟುಂಬದ ಸಂಕೇತಗಳನ್ನೇ ಬಳಸುತ್ತದೆ. ಮುಂಬಯಿಯ ಚಾಳಿನ ಮಾಡಿನ ಮೇಲಿರುವ ಸಣ್ಣ ಡಿಶ್ ಆಂಟೆನಾದ ಮೂಲಕ ಕನ್ನಡ ಕುಟುಂಬವೊಂದು ಚಂದನ ವಾಹಿನಿಯನ್ನು ನೋಡುವಾಗ, ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಇಳಿದುಬರುವುದು ಕ್ಷಣಕ್ಷಣಕ್ಕೂ ಪ್ರಾವಸ್ಥೆ ಬದಲಿಸುತ್ತಿರುವ ತರಂಗ.

ಭಾರತದ ಸ್ವಂತ ಪಥದರ್ಶಕ ವ್ಯವಸ್ಥೆಯಾದ ನಾವಿಕ್‌ನ ಮೊದಲ ಉಪಗ್ರಹವು 2013ರ ಜುಲೈ 1ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡಿತು. ಈ ಸರಣಿಯ ಉಪಗ್ರಹಗಳು ಸಾರ್ವಜನಿಕ ಬಳಕೆಗಾಗಿ 1176.45 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಕಳುಹಿಸುವ ಸಂಕೇತ ಬಿ.ಪಿ.ಎಸ್.ಕೆ. ಮಾದರಿಯದು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೋ ಸಂಸ್ಥೆಯ ಪಥದರ್ಶಕ ಕೇಂದ್ರವಿದೆ. 2008ರ ಚಂದ್ರಯಾನ-1ರ ಕಾಲದಿಂದ ದೂರದ ನೌಕೆಗಳ ಸಂಕೇತಗಳನ್ನು ಹಿಡಿಯುತ್ತಿರುವ 32 ಮೀಟರ್ ವ್ಯಾಸದ ಆಂಟೆನಾ ಕೂಡ ಅಲ್ಲಿಯೇ ಇದೆ. ಬಹಳ ದೂರದಿಂದ ಬಹಳ ಕ್ಷೀಣವಾಗಿ ಬರುವ ಸಂಕೇತಕ್ಕೆ ಪಿ.ಎಸ್.ಕೆ. ಹೇಳಿ ಮಾಡಿಸಿದ ವಿಧಾನ. ಎರಡು ಚಿಹ್ನೆಗಳು ಒಂದಕ್ಕೊಂದು ಪೂರ್ಣ ವಿರುದ್ಧವಾಗಿರುವುದರಿಂದ, ಅಷ್ಟೇ ಶಕ್ತಿಯಲ್ಲಿ, ಗದ್ದಲದ ನಡುವೆಯೂ ಅವುಗಳನ್ನು ಬೇರ್ಪಡಿಸುವುದು ಸುಲಭವಾಗುತ್ತದೆ.

ಚಿತ್ರರೂಪದ ಪ್ರೋಗ್ರಾಮಿಂಗ್

ಸಾಮಾನ್ಯವಾಗಿ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಲು ಸಾಲಾಗಿ ಬರೆಯಬೇಕು. ಚಿತ್ರರೂಪದ ಪ್ರೋಗ್ರಾಮಿಂಗಿನಲ್ಲಿ ಬರವಣಿಗೆಯ ಬದಲು ಚೌಕಗಳನ್ನು ಜೋಡಿಸಲಾಗುತ್ತದೆ. ಒಂದೊಂದು ಚೌಕವೂ ಒಂದೊಂದು ಕೆಲಸ ಮಾಡುತ್ತದೆ. ಒಂದು ತರಂಗವನ್ನು ಹುಟ್ಟಿಸಿದರೆ ಇನ್ನೊಂದು ಗುಣಿಸುತ್ತದೆ, ಮತ್ತೊಂದು ಕೂಡುತ್ತದೆ, ಮಗದೊಂದು ಫಲಿತಾಂಶವನ್ನು ನಕ್ಷೆಯಾಗಿ ತೋರಿಸುತ್ತದೆ. ಚೌಕದಿಂದ ಚೌಕಕ್ಕೆ ಎಳೆದ ಗೆರೆಯೇ ತಂತಿ. ಎಂಜಿನಿಯರ್ ಕಾಗದದ ಮೇಲೆ ಬರೆಯುವ ನಕ್ಷೆಯೇ ಇಲ್ಲಿ ನಡೆಯುವ ಪ್ರೋಗ್ರಾಮ್ ಆಗಿಬಿಡುತ್ತದೆ.

ಅಮೆರಿಕದ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು 1986ರಲ್ಲಿ ಹೊರತಂದ ಲ್ಯಾಬ್‌ವ್ಯೂ ಈ ಬಗೆಯ ತಂತ್ರಾಂಶಗಳಲ್ಲಿ ಪ್ರಸಿದ್ಧವಾದುದು. ಹಣ ಕೊಡದೆ ಪಡೆಯಬಹುದಾದ ಮುಕ್ತ ತಂತ್ರಾಂಶಗಳೂ ಇವೆ. ಫ್ರಾನ್ಸಿನಲ್ಲಿ ಹುಟ್ಟಿದ ಸೈಲ್ಯಾಬ್‌ನೊಂದಿಗೆ ಬರುವ ಎಕ್ಸ್‌ಕಾಸ್ ಅವುಗಳಲ್ಲೊಂದು. 2001ರಲ್ಲಿ ಆರಂಭವಾದ ಗ್ನೂ ರೇಡಿಯೋ ಇನ್ನೊಂದು. ಮುಂಬಯಿಯ ಪೊವಾಯಿಯಲ್ಲಿರುವ ಐ.ಐ.ಟಿ. ಬಾಂಬೆಯು ಕೇಂದ್ರ ಶಿಕ್ಷಣ ಸಚಿವಾಲಯದ ನೆರವಿನಿಂದ ನಡೆಸುವ ಫಾಸೀ ಯೋಜನೆಯು ಸೈಲ್ಯಾಬ್‌ನಂಥ ಮುಕ್ತ ತಂತ್ರಾಂಶಗಳನ್ನು ಕಾಲೇಜುಗಳಿಗೆ ತಲುಪಿಸುವ ಕಾರ್ಯದಲ್ಲಿ ತೊಡಗಿದೆ. ಅದೇ ಸಂಸ್ಥೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಸಿದ್ಧಪಡಿಸಿದ ಧ್ವನಿ ಸಹಿತ ಪಾಠಗಳಲ್ಲಿ ಹಲವು ಕನ್ನಡದಲ್ಲಿಯೂ ದೊರೆಯುತ್ತವೆ.

ಸಂಕೇತದ ರಚನೆ

ಪ್ರಯೋಗಕ್ಕೆ ಸರಳವಾದ ಸಂಖ್ಯೆಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಸೆಕೆಂಡಿಗೆ 1,000 ಬಿಟ್‌ಗಳನ್ನು ಕಳುಹಿಸಬೇಕೆಂದೂ ವಾಹಕದ ಆವೃತ್ತಿ 4,000 ಹರ್ಟ್ಸ್ ಎಂದೂ ಇಟ್ಟುಕೊಳ್ಳಬಹುದು. ಆಗ ಪ್ರತಿಯೊಂದು ಬಿಟ್‌ನ ಅವಧಿಯಲ್ಲಿ ವಾಹಕವು ನಾಲ್ಕು ಬಾರಿ ಪೂರ್ಣವಾಗಿ ಏರಿಳಿಯುತ್ತದೆ. ಕಂಪ್ಯೂಟರ್ ತರಂಗವನ್ನು ಅಖಂಡವಾಗಿ ಹಿಡಿದಿಡಲಾರದು. ಅದು ಸಮಾನ ಅಂತರದ ಕ್ಷಣಗಳಲ್ಲಿ ತರಂಗದ ಬೆಲೆಯನ್ನು ಮಾತ್ರ ದಾಖಲಿಸುತ್ತದೆ. ಸೆಕೆಂಡಿಗೆ 40,000 ಬೆಲೆಗಳನ್ನು ತೆಗೆದುಕೊಂಡರೆ ಒಂದು ಬಿಟ್‌ಗೆ 40 ಬೆಲೆಗಳು ದೊರೆಯುತ್ತವೆ.

ಪರದೆಯ ಮೇಲೆ ಮೊದಲು ಬಿಟ್‌ಗಳನ್ನು ಯಾದೃಚ್ಛಿಕವಾಗಿ ಹುಟ್ಟಿಸುವ ಚೌಕವನ್ನು ಇಡಬೇಕು. 1 ಬಂದಾಗ +1 ಎಂದೂ 0 ಬಂದಾಗ -1 ಎಂದೂ ಬದಲಿಸುವ ಚೌಕ ಅದರ ಮುಂದೆ ಬರುತ್ತದೆ. ಇನ್ನೊಂದು ಕಡೆ 4,000 ಹರ್ಟ್ಸ್‌ನ, ಗರಿಷ್ಠ ಬೆಲೆ 1 ಇರುವ ಕೊಸೈನ್ ತರಂಗದ ಚೌಕ. ಇವೆರಡನ್ನೂ ಗುಣಾಕಾರದ ಚೌಕಕ್ಕೆ ಜೋಡಿಸಿದರೆ ಪ್ರೇಷಕ ಯಂತ್ರವು ಸಿದ್ಧವಾದಂತೆ. +1ರಿಂದ ಗುಣಿಸಿದ ತರಂಗ ಇದ್ದಂತೆಯೇ ಇರುತ್ತದೆ. -1ರಿಂದ ಗುಣಿಸಿದ ತರಂಗ ತಲೆಕೆಳಗಾಗುತ್ತದೆ, ಎಂದರೆ 180 ಡಿಗ್ರಿ ಪಲ್ಲಟವಾಗುತ್ತದೆ. ಬಿಟ್ ಬದಲಾಗುವ ಸ್ಥಳದಲ್ಲಿ ತರಂಗ ಥಟ್ಟನೆ ಮುರಿದು ತಿರುಗುವುದನ್ನು ನಕ್ಷೆಯಲ್ಲಿ ಸ್ಪಷ್ಟವಾಗಿ ಕಾಣಬಹುದು.

ಸಂಕೇತವನ್ನು ಬಿಡಿಸುವುದು

ಬಂದ ತರಂಗದಿಂದ ಮೂಲ ಬಿಟ್‌ಗಳನ್ನು ಮರಳಿ ಪಡೆಯುವ ಕ್ರಿಯೆಗೆ ಡಿಮಾಡ್ಯುಲೇಷನ್ ಎಂದು ಹೆಸರು. ಇದಕ್ಕೆ ಅಭಿಗ್ರಾಹಕ ಯಂತ್ರದಲ್ಲಿ ವಾಹಕದಂತೆಯೇ ಇರುವ ಆಧಾರ ತರಂಗವೊಂದು ಬೇಕು. ಬಂದ ಸಂಕೇತವನ್ನು ಆಧಾರ ತರಂಗದಿಂದ ಗುಣಿಸಿ, ಒಂದು ಬಿಟ್‌ನ ಅವಧಿಯ 40 ಗುಣಲಬ್ಧಗಳನ್ನೂ ಕೂಡಬೇಕು. ಎರಡೂ ತರಂಗಗಳು ಹೊಂದಿಕೊಂಡಿದ್ದರೆ, ಒಂದು ಧನವಾಗಿರುವಾಗ ಇನ್ನೊಂದೂ ಧನ, ಒಂದು ಋಣವಾಗಿರುವಾಗ ಇನ್ನೊಂದೂ ಋಣ. ಆದ್ದರಿಂದ ಗುಣಲಬ್ಧ ಎಲ್ಲಿಯೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ, ಮೊತ್ತ +20 ಆಗುತ್ತದೆ. ಸಂಕೇತ ತಲೆಕೆಳಗಾಗಿದ್ದರೆ ಮೊತ್ತ -20. ಮೊತ್ತ ಧನವಾಗಿದ್ದರೆ 1, ಋಣವಾಗಿದ್ದರೆ 0 ಎಂದು ತೀರ್ಮಾನಿಸಿ, ಲೆಕ್ಕವನ್ನು ಸೊನ್ನೆಗೆ ತಂದು, ಮುಂದಿನ ಬಿಟ್‌ಗೆ ಹೊಸದಾಗಿ ಕೂಡಲು ಆರಂಭಿಸಬೇಕು.

ಕೂಡುವಿಕೆಯ ಪ್ರಯೋಜನ ಗದ್ದಲದ ಸಂದರ್ಭದಲ್ಲಿ ತಿಳಿಯುತ್ತದೆ. ಗದ್ದಲ ಒಂದು ಕ್ಷಣ ಧನವಾಗಿ, ಮರುಕ್ಷಣ ಋಣವಾಗಿ ಬರುವುದರಿಂದ 40 ಬೆಲೆಗಳ ಮೊತ್ತದಲ್ಲಿ ಅದರ ಬಹುಭಾಗ ತಾನೇ ಕರಗಿಹೋಗುತ್ತದೆ. ಸಂಕೇತ ಮಾತ್ರ ಒಂದೇ ದಿಕ್ಕಿನಲ್ಲಿ ಸಂಚಯಗೊಳ್ಳುತ್ತದೆ.

ಪರದೆ ಮರೆಮಾಡುವ ಸತ್ಯ

ಕಲಿಯುವವರು ಎಡವುವ ಸ್ಥಳ ಇದೇ. ಅಭಿಗ್ರಾಹಕಕ್ಕೆ ಆಧಾರ ತರಂಗ ಬೇಕೆಂದು ತಿಳಿದ ಕೂಡಲೇ ವಿದ್ಯಾರ್ಥಿಯು ಪ್ರೇಷಕದ ಕೊಸೈನ್ ಚೌಕದಿಂದಲೇ ಇನ್ನೊಂದು ಗೆರೆ ಎಳೆದು ಅಭಿಗ್ರಾಹಕಕ್ಕೆ ಜೋಡಿಸುತ್ತಾನೆ. ಒಂದೇ ಪರದೆಯ ಮೇಲೆ ಎರಡೂ ಯಂತ್ರಗಳಿರುವುದರಿಂದ ಇದು ಅತ್ಯಂತ ಸುಲಭ. ಕಳುಹಿಸಿದ ಬಿಟ್‌ಗಳೂ ಬಂದ ಬಿಟ್‌ಗಳೂ ಒಂದೂ ತಪ್ಪಿಲ್ಲದೆ ಹೊಂದುತ್ತವೆ, ಪ್ರಯೋಗ ಯಶಸ್ವಿಯಾಯಿತೆಂದು ದಾಖಲಾಗುತ್ತದೆ. ಆದರೆ ನಿಜ ಜೀವನದಲ್ಲಿ ಪ್ರೇಷಕವು ಉಪಗ್ರಹದಲ್ಲಿಯೂ ಅಭಿಗ್ರಾಹಕವು ನೆಲದ ಮೇಲೂ ಇರುತ್ತವೆ. ಇವೆರಡರ ನಡುವೆ ಆ ಗೆರೆಯನ್ನು ಎಳೆಯುವವರು ಯಾರೂ ಇಲ್ಲ.

ಮುಂಬಯಿಯ ಚರಿತ್ರೆಯಿಂದಲೇ ಒಂದು ಉದಾಹರಣೆ ಕೊಡಬಹುದು. 1906ರಲ್ಲಿ ಭಾರತೀಯ ಪ್ರಮಾಣ ಕಾಲ ಜಾರಿಗೆ ಬಂದ ನಂತರವೂ ಅನೇಕ ದಶಕಗಳವರೆಗೆ ನಗರದಲ್ಲಿ ಬಾಂಬೆ ಟೈಮ್ ಎಂಬ ಸ್ಥಳೀಯ ಕಾಲ ಬಳಕೆಯಲ್ಲಿತ್ತು. ಅದು ಪ್ರಮಾಣ ಕಾಲಕ್ಕಿಂತ 39 ನಿಮಿಷ ಹಿಂದೆ. ಪ್ರಮಾಣ ಕಾಲದ ಗಡಿಯಾರದಲ್ಲಿ 9 ಗಂಟೆ 39 ನಿಮಿಷವಾದಾಗ ಬಾಂಬೆ ಟೈಮಿನ ಗಡಿಯಾರ 9 ಗಂಟೆ ತೋರಿಸುತ್ತಿತ್ತು. ಗಾಡಿ ಒಂಬತ್ತೂವರೆಗೆ ಎಂದಷ್ಟೇ ಹೇಳಿದರೆ ಸಾಲದು. ಯಾವ ಗಡಿಯಾರದ ಒಂಬತ್ತೂವರೆ ಎಂಬುದು ತಿಳಿಯದಿದ್ದರೆ ಪ್ರಯಾಣಿಕನಿಗೆ ಗಾಡಿ ತಪ್ಪಬಹುದು. ಪ್ರಾವಸ್ಥೆಯೂ ಹಾಗೆಯೇ. ಅದು ಯಾವುದಕ್ಕೆ ಹೋಲಿಸಿ ಎಂಬ ಆಧಾರವಿಲ್ಲದಿದ್ದರೆ ಅರ್ಥವಿಲ್ಲದ ಸಂಖ್ಯೆ.

ಆಧಾರ ತಪ್ಪಿದರೆ ಏನಾಗುತ್ತದೆಂಬುದನ್ನು ಪರದೆಯ ಮೇಲೆಯೇ ನೋಡಬಹುದು. ಎಳೆದ ಗೆರೆಯನ್ನು ಅಳಿಸಿ, ಅಭಿಗ್ರಾಹಕಕ್ಕೆ ತನ್ನದೇ ಆದ ಕೊಸೈನ್ ಚೌಕವನ್ನು ಕೊಟ್ಟು, ಅದರ ಪ್ರಾವಸ್ಥೆಯನ್ನು ಸ್ವಲ್ಪ ಸ್ವಲ್ಪವೇ ಬದಲಿಸಬೇಕು. ವ್ಯತ್ಯಾಸ 30 ಡಿಗ್ರಿ ಇದ್ದಾಗ ಮೊತ್ತ 20ರ ಬದಲು ಸುಮಾರು 17.3 ಆಗುತ್ತದೆ. 60 ಡಿಗ್ರಿಗೆ 10. 90 ಡಿಗ್ರಿಗೆ ಸೊನ್ನೆ, ಸಂಕೇತ ಪೂರ್ಣ ಬಲದಿಂದ ಬರುತ್ತಿದ್ದರೂ ಅಭಿಗ್ರಾಹಕಕ್ಕೆ ಏನೂ ಕಾಣುವುದಿಲ್ಲ. 180 ಡಿಗ್ರಿಗೆ -20, ಎಂದರೆ ಎಲ್ಲ ಬಿಟ್‌ಗಳೂ ತಿರುವುಮುರುವು.

ಆವೃತ್ತಿಯಲ್ಲಿ ಅಲ್ಪ ವ್ಯತ್ಯಾಸವಿದ್ದರೂ ಸ್ಥಿತಿ ಇನ್ನಷ್ಟು ಕಠಿಣವಾಗುತ್ತದೆ. ಅಭಿಗ್ರಾಹಕದ ತರಂಗವನ್ನು 4,001 ಹರ್ಟ್ಸ್‌ಗೆ ಇಟ್ಟರೆ ಪ್ರಾವಸ್ಥೆಯ ವ್ಯತ್ಯಾಸ ಸೆಕೆಂಡಿಗೆ 360 ಡಿಗ್ರಿಯಂತೆ ತಿರುಗುತ್ತಲೇ ಇರುತ್ತದೆ. ಮೊದಲು ಬಿಟ್‌ಗಳು ಸರಿಯಾಗಿ ಬರುತ್ತವೆ, 250ನೆಯ ಬಿಟ್‌ನ ಹೊತ್ತಿಗೆ ಮೊತ್ತ ಸೊನ್ನೆಯಾಗುತ್ತದೆ, ಅಲ್ಲಿಂದ 750ನೆಯ ಬಿಟ್‌ನವರೆಗೆ ಎಲ್ಲವೂ ತಿರುವುಮುರುವು, ಬಳಿಕ ಮತ್ತೆ ಸರಿ. ನಿಜವಾದ ಯಂತ್ರಗಳಲ್ಲಿ ವ್ಯತ್ಯಾಸ ಇಷ್ಟು ಸಣ್ಣದಾಗಿರುವುದಿಲ್ಲ. ಆವೃತ್ತಿಯನ್ನು ಕಾಯುವ ಸ್ಫಟಿಕದಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದ್ದರೂ 1176.45 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಅದು 23,500 ಹರ್ಟ್ಸ್‌ಗಿಂತ ಹೆಚ್ಚಾಗುತ್ತದೆ. ಚಲಿಸುವ ಮೂಲದಿಂದ ಬರುವ ತರಂಗದ ಆವೃತ್ತಿ ಬದಲಾಗುವುದೂ ಇದಕ್ಕೆ ಸೇರುತ್ತದೆ. ಬೈಕುಲ್ಲಾ ನಿಲ್ದಾಣದಲ್ಲಿ ನಿಲ್ಲದೆ ಸಾಗುವ ಗಾಡಿಯ ಹಾರ್ನ್, ಗಾಡಿ ದಾಟಿಹೋದ ಕ್ಷಣದಲ್ಲಿ ತಗ್ಗಿ ಕೇಳಿಸುವುದು ಇದೇ ಕಾರಣದಿಂದ.

ಆಧಾರವನ್ನು ಸಂಕೇತದಿಂದಲೇ ಪಡೆಯುವುದು

ಹಾಗಾದರೆ ಅಭಿಗ್ರಾಹಕವು ಆಧಾರ ತರಂಗವನ್ನು ಎಲ್ಲಿಂದ ತರಬೇಕು? ಬಂದ ಸಂಕೇತದಿಂದಲೇ ಅದನ್ನು ಕಟ್ಟಿಕೊಳ್ಳಬೇಕು. ಬಿ.ಪಿ.ಎಸ್.ಕೆ. ಸಂಕೇತವನ್ನು ಅದರಿಂದಲೇ ಗುಣಿಸಿ ವರ್ಗ ಮಾಡಿದರೆ +1 ಮತ್ತು -1 ಎರಡೂ +1 ಆಗುತ್ತವೆ. ಸುದ್ದಿ ಅಳಿಸಿಹೋಗಿ, ವಾಹಕದ ಇಮ್ಮಡಿ ಆವೃತ್ತಿಯ ಶುದ್ಧ ತರಂಗ ಉಳಿಯುತ್ತದೆ. ಅದರ ಆವೃತ್ತಿಯನ್ನು ಅರ್ಧ ಮಾಡಿದರೆ ವಾಹಕ ದೊರೆಯುತ್ತದೆ.

ಇನ್ನೂ ಹೆಚ್ಚು ಬಳಕೆಯಲ್ಲಿರುವ ಉಪಾಯವನ್ನು ಅಮೆರಿಕದ ಎಂಜಿನಿಯರ್ ಜಾನ್ ಕಾಸ್ಟಸ್ 1956ರಲ್ಲಿ ಪ್ರಕಟಿಸಿದರು. ಅದಕ್ಕೆ ಕಾಸ್ಟಸ್ ಲೂಪ್ ಎಂದೇ ಹೆಸರು. ಇದರಲ್ಲಿ ಒಂದಕ್ಕೊಂದು 90 ಡಿಗ್ರಿ ಅಂತರವಿರುವ ಎರಡು ಆಧಾರ ತರಂಗಗಳಿಂದ ಸಂಕೇತವನ್ನು ಬೇರೆ ಬೇರೆಯಾಗಿ ಗುಣಿಸಲಾಗುತ್ತದೆ. ಆಧಾರ ಸರಿಯಾಗಿದ್ದರೆ ಮೊದಲನೆಯ ಕವಲಿನಲ್ಲಿ ಸಂಕೇತವೆಲ್ಲ ಇರುತ್ತದೆ, ಎರಡನೆಯದರಲ್ಲಿ ಏನೂ ಇರುವುದಿಲ್ಲ. ಆಧಾರ ಓರೆಯಾದರೆ ಎರಡನೆಯ ಕವಲಿನಲ್ಲಿ ಸ್ವಲ್ಪ ಸಂಕೇತ ಸೋರುತ್ತದೆ. ಎರಡೂ ಕವಲುಗಳ ಬೆಲೆಗಳನ್ನು ಗುಣಿಸಿದರೆ, ಬಿಟ್ ಯಾವುದೇ ಆಗಿರಲಿ, ಆಧಾರ ಯಾವ ಕಡೆಗೆ ವಾಲಿದೆ ಎಂಬುದು ತಿಳಿಯುತ್ತದೆ. ಅದಕ್ಕನುಗುಣವಾಗಿ ಆಧಾರ ತರಂಗವನ್ನು ಅತ್ತ ಇತ್ತ ತಿದ್ದುತ್ತ ಹೋಗುವುದೇ ಈ ಲೂಪಿನ ಕೆಲಸ. ತಿದ್ದುವಿಕೆ ಅತಿ ಚುರುಕಾದರೆ ಗದ್ದಲಕ್ಕೂ ಬೆದರಿ ಅಲುಗಾಡುತ್ತದೆ, ಅತಿ ನಿಧಾನವಾದರೆ ಆವೃತ್ತಿಯ ವ್ಯತ್ಯಾಸವನ್ನು ಹಿಂಬಾಲಿಸಲಾರದು. ಎಷ್ಟು ಬೇಕೆಂಬುದನ್ನು ವಿದ್ಯಾರ್ಥಿಯು ಪರದೆಯ ಮೇಲೆ ಬದಲಿಸಿ ನೋಡಿಯೇ ಕಲಿಯಬೇಕು.

ಆದರೂ ಒಂದು ಸಂದೇಹ ಉಳಿಯುತ್ತದೆ. ವರ್ಗ ಮಾಡಿದಾಗ +1 ಮತ್ತು -1ರ ಭೇದ ಅಳಿಸಿಹೋಯಿತಷ್ಟೆ. ಆದ್ದರಿಂದ ಮರಳಿ ಪಡೆದ ವಾಹಕ ನೇರವಾಗಿದೆಯೋ ತಲೆಕೆಳಗಾಗಿದೆಯೋ ಎಂದು ಹೇಳಲಾಗದು. ಕಾಸ್ಟಸ್ ಲೂಪ್ ಕೂಡ 0 ಡಿಗ್ರಿಯಲ್ಲಿಯೂ 180 ಡಿಗ್ರಿಯಲ್ಲಿಯೂ ಸಮಾನವಾಗಿ ನೆಲೆಗೊಳ್ಳುತ್ತದೆ. ಡ್ರಮ್ಮಿನ ಶಬ್ದ ಕೇಳದವನಿಗೆ, ಒಬ್ಬನೇ ನಡೆಯುತ್ತಿರುವ ಬಾಲಕನ ಹೆಜ್ಜೆ ತಪ್ಪಿದೆಯೇ ಇಲ್ಲವೇ ಎಂಬುದು ತಿಳಿಯದಂತೆ ಇದು.

ಇದಕ್ಕೆ ಪರಿಹಾರ ಸರಳವಾಗಿದೆ. ಸುದ್ದಿಯನ್ನು ಪ್ರಾವಸ್ಥೆಯಲ್ಲಿ ಇಡದೆ ಪ್ರಾವಸ್ಥೆಯ ಬದಲಾವಣೆಯಲ್ಲಿ ಇಡಬೇಕು. 1 ಬಂದರೆ ಹಿಂದಿನ ಚಿಹ್ನೆಯನ್ನು ಬದಲಿಸಬೇಕು, 0 ಬಂದರೆ ಹಾಗೆಯೇ ಉಳಿಸಬೇಕು. ಉದಾಹರಣೆಗೆ 1 0 1 1 0 0 1 ಎಂಬ ಸುದ್ದಿಯನ್ನು 0ಯಿಂದ ಆರಂಭಿಸಿ ಈ ನಿಯಮದಂತೆ ಬರೆದರೆ 0 1 1 0 1 1 1 0 ಎಂದಾಗುತ್ತದೆ. ಅಭಿಗ್ರಾಹಕದಲ್ಲಿ ಎಲ್ಲವೂ ತಲೆಕೆಳಗಾಗಿ 1 0 0 1 0 0 0 1 ಎಂದು ಬಂದಿತೆನ್ನೋಣ. ಎಲ್ಲಿ ಬದಲಾಯಿತು, ಎಲ್ಲಿ ಬದಲಾಗಲಿಲ್ಲ ಎಂದು ಎಣಿಸಿದರೆ ಮತ್ತೆ 1 0 1 1 0 0 1 ಎಂಬ ಮೂಲ ಸುದ್ದಿಯೇ ದೊರೆಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಒಂದು ಚಿಹ್ನೆ ತಪ್ಪಿ ಬಂದರೆ ಅದರ ಹಿಂದಿನ ಮತ್ತು ಮುಂದಿನ ಹೋಲಿಕೆಗಳೆರಡೂ ಕೆಡುವುದರಿಂದ, ಬಿಡಿಯಾಗಿ ಬರುವ ತಪ್ಪುಗಳು ಎರಡೆರಡಾಗುತ್ತವೆ. ಎಫ್.ಎಂ. ಪ್ರಸಾರದೊಂದಿಗೆ ನಿಲಯದ ಹೆಸರನ್ನು ಅಕ್ಷರರೂಪದಲ್ಲಿ ಕಳುಹಿಸುವ ಆರ್.ಡಿ.ಎಸ್. ಪದ್ಧತಿಯಲ್ಲಿ ಈ ಉಪಾಯವನ್ನೇ ಬಳಸಲಾಗಿದೆ.

ಬಿಟ್‌ನ ಗಡಿ

ವಾಹಕದಂತೆಯೇ ಬಿಟ್‌ನ ಗಡಿಯನ್ನೂ ಅಭಿಗ್ರಾಹಕ ತಾನೇ ಕಂಡುಹಿಡಿಯಬೇಕು. ಮೇಲಿನ ಪ್ರಯೋಗದಲ್ಲಿ ಕೂಡುವಿಕೆಯನ್ನು 20 ಬೆಲೆಗಳಷ್ಟು, ಎಂದರೆ ಅರ್ಧ ಬಿಟ್‌ನಷ್ಟು, ತಡವಾಗಿ ಆರಂಭಿಸಿದರೆ ಒಂದು ಬಿಟ್‌ನ ಉತ್ತರಾರ್ಧವೂ ಮುಂದಿನ ಬಿಟ್‌ನ ಪೂರ್ವಾರ್ಧವೂ ಒಂದೇ ಮೊತ್ತಕ್ಕೆ ಸೇರುತ್ತವೆ. ಎರಡು ಬಿಟ್‌ಗಳೂ ಒಂದೇ ಆಗಿದ್ದರೆ ತೊಂದರೆಯಿಲ್ಲ. ಬೇರೆ ಬೇರೆಯಾಗಿದ್ದರೆ +10 ಮತ್ತು -10 ಸೇರಿ ಸೊನ್ನೆಯಾಗುತ್ತದೆ. ಗ್ನೂ ರೇಡಿಯೋದಲ್ಲಿ ಗಡಿಯನ್ನು ಹುಡುಕುವುದಕ್ಕೆ ಸಿಂಬಲ್ ಸಿಂಕ್ ಎಂಬ ಚೌಕವೂ ವಾಹಕವನ್ನು ಹಿಡಿಯುವುದಕ್ಕೆ ಕಾಸ್ಟಸ್ ಲೂಪ್ ಎಂಬ ಚೌಕವೂ ಸಿದ್ಧವಾಗಿವೆ. ಪ್ರೇಷಕಕ್ಕೂ ಅಭಿಗ್ರಾಹಕಕ್ಕೂ ನಡುವಿನ ಹಾದಿಯನ್ನು ಅನುಕರಿಸುವ ಚಾನೆಲ್ ಮಾಡೆಲ್ ಎಂಬ ಚೌಕವೂ ಇದೆ. ಅದನ್ನು ಹೊಸದಾಗಿ ಪರದೆಯ ಮೇಲೆ ಇಟ್ಟಾಗ ಗದ್ದಲವೂ ಆವೃತ್ತಿಯ ವ್ಯತ್ಯಾಸವೂ ಸೊನ್ನೆಯೆಂದೇ ಇರುತ್ತವೆ. ಈ ಸೊನ್ನೆಗಳನ್ನು ಹಾಗೆಯೇ ಬಿಟ್ಟು ಪಡೆದ ಫಲಿತಾಂಶ, ನೀರಿಗಿಳಿಯದೆ ಕಲಿತ ಈಜಿನಂತೆ.

ಗದ್ದಲ ಮತ್ತು ತಪ್ಪುಗಳ ಎಣಿಕೆ

ಪ್ರಯೋಗದ ಕೊನೆಯ ಭಾಗ ಗದ್ದಲವನ್ನು ಬೆರೆಸಿ ತಪ್ಪುಗಳನ್ನು ಎಣಿಸುವುದು. ಆಧಾರ ತರಂಗ ಸರಿಯಾಗಿರುವ ಬಿ.ಪಿ.ಎಸ್.ಕೆ. ಅಭಿಗ್ರಾಹಕದಲ್ಲಿ ಎಷ್ಟು ತಪ್ಪುಗಳಾಗಬೇಕೆಂಬುದನ್ನು ಗಣಿತದಿಂದಲೇ ಹೇಳಬಹುದು. ಒಂದು ಬಿಟ್‌ನ ಶಕ್ತಿಗೂ ಗದ್ದಲದ ಸಾಂದ್ರತೆಗೂ ಇರುವ ಅನುಪಾತ 4 ಡೆಸಿಬೆಲ್, ಎಂದರೆ ಸುಮಾರು ಎರಡೂವರೆ ಪಟ್ಟು, ಇದ್ದಾಗ ಒಂದು ಲಕ್ಷ ಬಿಟ್‌ಗಳಲ್ಲಿ ಸುಮಾರು 1,250 ತಪ್ಪುತ್ತವೆ. ಅನುಪಾತ 9.6 ಡೆಸಿಬೆಲ್‌ಗೆ, ಎಂದರೆ ಸುಮಾರು ಒಂಬತ್ತು ಪಟ್ಟಿಗೆ, ಏರಿದಾಗ ಲಕ್ಷಕ್ಕೆ ಒಂದು ತಪ್ಪು ಮಾತ್ರ.

ಈ ಸಂಖ್ಯೆಗಳು ವಿದ್ಯಾರ್ಥಿಗೆ ಒರೆಗಲ್ಲು. 4 ಡೆಸಿಬೆಲ್‌ನಲ್ಲಿ ಲಕ್ಷ ಬಿಟ್‌ಗಳನ್ನು ಕಳುಹಿಸಿ ಎಣಿಸಿದಾಗ 1,200 ಅಥವಾ 1,300ರ ಆಸುಪಾಸಿನಲ್ಲಿ ಬಂದರೆ ಚೌಕಗಳ ಜೋಡಣೆ ಸರಿಯಾಗಿದೆ ಎನ್ನಬಹುದು. ತೀರ ಹೆಚ್ಚು ಬಂದರೆ ಆಧಾರ ತರಂಗವೋ ಬಿಟ್‌ನ ಗಡಿಯೋ ಸರಿಯಾಗಿಲ್ಲವೆಂದು ಸಂಶಯಿಸಬೇಕು. ತೀರ ಕಡಿಮೆ ಬಂದರೂ ಸಂತೋಷಪಡಬಾರದು, ಗದ್ದಲದ ಲೆಕ್ಕ ಎಲ್ಲಿಯೋ ತಪ್ಪಿದೆ ಎಂದೇ ಅರ್ಥ. ಇನ್ನು 9.6 ಡೆಸಿಬೆಲ್‌ನಲ್ಲಿ ಲಕ್ಷ ಬಿಟ್‌ಗಳನ್ನಷ್ಟೇ ಕಳುಹಿಸಿ, ತಪ್ಪು ಒಂದೂ ಇಲ್ಲವೆಂದು ಬರೆಯುವುದು ಸಲ್ಲದು. ನೂರು ತಪ್ಪುಗಳಾದರೂ ಕಾಣಿಸಿಕೊಳ್ಳುವಷ್ಟು, ಎಂದರೆ ಸುಮಾರು ಒಂದು ಕೋಟಿ ಬಿಟ್‌ಗಳನ್ನು ಕಳುಹಿಸಿದ ಮೇಲೆಯೇ ಆ ಎಣಿಕೆಗೆ ಬೆಲೆ.

ಬಿ.ಪಿ.ಎಸ್.ಕೆ. ಹಿಡಿತಕ್ಕೆ ಬಂದ ನಂತರ ಕ್ಯೂ.ಪಿ.ಎಸ್.ಕೆ.ಗೆ ಹೋಗಬಹುದು. ಅಲ್ಲಿ 45, 135, 225 ಮತ್ತು 315 ಡಿಗ್ರಿಗಳೆಂಬ ನಾಲ್ಕು ಪ್ರಾವಸ್ಥೆಗಳಿರುವುದರಿಂದ ಅಷ್ಟೇ ಬ್ಯಾಂಡಿನಲ್ಲಿ ಇಮ್ಮಡಿ ಸುದ್ದಿ ಹಿಡಿಸುತ್ತದೆ. ವಾಹಕದ ಬಗೆಗಿನ ಸಂದೇಹ ಮಾತ್ರ ಎರಡರಿಂದ ನಾಲ್ಕಕ್ಕೆ ಏರುತ್ತದೆ.

ಮನೆಯಲ್ಲಿ ಪ್ರಯೋಗ

ರೇಡಿಯೋ ಪ್ರಸಾರ ಮಾಡುವುದಕ್ಕೆ, ಅಲ್ಪ ಶಕ್ತಿಯ ಕೆಲವು ಬ್ಯಾಂಡುಗಳನ್ನು ಬಿಟ್ಟರೆ, ಸರ್ಕಾರದ ಅನುಮತಿ ಅಗತ್ಯ. ಆದರೆ ಇಲ್ಲಿ ವಿವರಿಸಿದ ಪ್ರಯೋಗದಲ್ಲಿ ಯಾವ ತರಂಗವೂ ಕಂಪ್ಯೂಟರಿನಿಂದ ಹೊರಗೆ ಹೋಗುವುದಿಲ್ಲ. ಎಲ್ಲವೂ ಅದರೊಳಗಿನ ಲೆಕ್ಕಾಚಾರವಾದುದರಿಂದ ಅನುಮತಿಯ ಪ್ರಶ್ನೆಯೇ ಬರುವುದಿಲ್ಲ. ಒಂದು ಹಳೆಯ ಕಂಪ್ಯೂಟರ್ ಮತ್ತು ತಾಳ್ಮೆ ಇದ್ದರೆ ಸಾಕು.

ಪ್ರಯೋಗವನ್ನು ಮೂರು ಹಂತಗಳಲ್ಲಿ ಮಾಡುವುದು ಸೂಕ್ತ. ಮೊದಲು ಪ್ರೇಷಕದ ವಾಹಕವನ್ನೇ ಅಭಿಗ್ರಾಹಕಕ್ಕೆ ಜೋಡಿಸಿ, ಗುಣಿಸಿ ಕೂಡುವ ಕ್ರಮವನ್ನು ಮನದಟ್ಟು ಮಾಡಿಕೊಳ್ಳಬೇಕು. ಎರಡನೆಯದಾಗಿ ಆ ಗೆರೆಯನ್ನು ಅಳಿಸಿ, ಆವೃತ್ತಿಯ ವ್ಯತ್ಯಾಸವನ್ನೂ ಗದ್ದಲವನ್ನೂ ಬೆರೆಸಿ, ವ್ಯವಸ್ಥೆ ಹೇಗೆ ಕುಸಿಯುತ್ತದೆಂಬುದನ್ನು ಕಣ್ಣಾರೆ ನೋಡಬೇಕು. ಮೂರನೆಯದಾಗಿ ಕಾಸ್ಟಸ್ ಲೂಪನ್ನೂ ಗಡಿ ಹುಡುಕುವ ಚೌಕವನ್ನೂ ಸೇರಿಸಿ ಅದನ್ನು ಮತ್ತೆ ಎತ್ತಿ ನಿಲ್ಲಿಸಬೇಕು. ಎರಡನೆಯ ಹಂತವನ್ನು ಬಿಟ್ಟವನಿಗೆ ಮೂರನೆಯದರ ಅಗತ್ಯ ತಿಳಿಯುವುದಿಲ್ಲ.

ಬೈಕುಲ್ಲಾದಲ್ಲಿ 1887ರಲ್ಲಿ ತಾಂತ್ರಿಕ ಶಿಕ್ಷಣ ಆರಂಭವಾದಾಗ ಯಂತ್ರದ ಮುಂದೆ ನಿಂತು ಕೆಲಸ ಮಾಡದೆ ಯಂತ್ರವಿದ್ಯೆ ಬರುವುದಿಲ್ಲವೆಂಬುದು ಎಲ್ಲರೂ ಒಪ್ಪಿದ ಮಾತಾಗಿತ್ತು. ಇಂದು ಯಂತ್ರವೇ ಚೌಕಗಳ ರೂಪದಲ್ಲಿ ಪರದೆಯ ಮೇಲೆ ಬಂದಿದೆ. ಪರದೆಯ ಮೇಲೆ ಎಳೆಯಲು ಬರುವ ಗೆರೆಗಳಲ್ಲಿ ಯಾವುದು ನಿಜ ಪ್ರಪಂಚದಲ್ಲಿಯೂ ಇದೆ, ಯಾವುದು ಇಲ್ಲ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ವಿದ್ಯಾರ್ಥಿಯು ಬೆಳೆಸಿಕೊಂಡರೆ, ಮನೆಯ ಮೂಲೆಯಲ್ಲಿ ಕುಳಿತು ಕಲಿತ ವಿದ್ಯೆಯೂ ಮುಂದೆ ಉಪಗ್ರಹದ ಸಂಕೇತದ ಮುಂದೆ ಸೋಲದೆ ನಿಲ್ಲುತ್ತದೆ.